ಐದನೇ ಜಾರ್ಜ್ ರೂಪಾಯಿ: ನಾಲ್ಕು ನಾಣ್ಯ, ಒಂದೇ ಜಾಗದಲ್ಲಿ ಉಬ್ಬುಗೆರೆ. ಅಚ್ಚಿನ ಬಿರುಕೋ, ನಕಲಿಯೋ?

ಅರಸೀಕೆರೆ_ತೊಲ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಐದನೇ ಜಾರ್ಜ್ ಕಾಲದ ನಾಲ್ಕು ಬೆಳ್ಳಿ ರೂಪಾಯಿಗಳ ಬಗ್ಗೆ ತಿಳಿದವರು ಹೇಳಬೇಕು. ನಾಲ್ಕರಲ್ಲೂ ರಾಜನ ಬದಿಯಲ್ಲಿ, ಗಡಿಯಾರದ ಲೆಕ್ಕದಲ್ಲಿ ಸುಮಾರು 4 ಗಂಟೆಯ ಜಾಗದಲ್ಲಿ, ಅಂಚಿನಿಂದ ಒಳಗೆ ಬರುವ ಒಂದು ಉಬ್ಬುಗೆರೆ ಇದೆ. ಉಗುರಿಗೆ ಸಿಗುತ್ತೆ, ತಗ್ಗಲ್ಲ. 'ಎಂಪರರ್' ಪದದ ಕೊನೆಯ ಅಕ್ಷರಗಳ ಹತ್ತಿರ.

ನಂ. 1: 1918, ಹೂಬಳ್ಳಿ ಬದಿಯ ಕೆಳಗಡೆ ಚುಕ್ಕೆ ಇದೆ. 11.58 ಗ್ರಾಂ. ಗೆರೆ ಅಂಚಿನಿಂದ ಕೊನೆಯ 'ಆರ್' ದಾಟಿ 'ಓ' ತನಕ, ಸುಮಾರು 5 ಮಿ.ಮೀ.
ನಂ. 2: 1918, ಚುಕ್ಕೆ ಇದೆ. 11.52 ಗ್ರಾಂ. ಅದೇ ಗೆರೆ, ಆದರೆ 'ಓ' ದಾಟಿ ಅದರ ಹಿಂದಿನ 'ಆರ್' ಮುಟ್ಟಿದೆ, 8 ಮಿ.ಮೀ. ಇರಬಹುದು.
ನಂ. 3: 1919, ಚುಕ್ಕೆ ಇದೆ. 11.60 ಗ್ರಾಂ. ಕೂದಲೆಳೆಯಷ್ಟು ಸಣ್ಣ ಗೆರೆ, ಕೊನೆಯ 'ಆರ್'ನಲ್ಲೇ ನಿಂತಿದೆ.
ನಂ. 4: 1920, ಚುಕ್ಕೆ ಇಲ್ಲ. 10.92 ಗ್ರಾಂ. ಗೆರೆ ನಂ. 2ರ ತದ್ರೂಪ.

ಬೆಳ್ಳಿ ಅಂಗಡಿಯಲ್ಲಿ ಕೇಳಿದರೆ "ಬೆಳ್ಳಿ ಒಡೆದಿದೆ, ಸಾಣೆ ಹಿಡಿದರೆ ಹೋಗುತ್ತೆ" ಅಂತಾರೆ. ಉಬ್ಬಿರುವುದು ಒಡಕು ಹೇಗಾಗುತ್ತೆ ಅನ್ನುವುದೇ ಅರ್ಥವಾಗುತ್ತಿಲ್ಲ. ನನ್ನ ಪ್ರಶ್ನೆ: ಬೇರೆ ಬೇರೆ ಇಸವಿಯ ನಾಣ್ಯಗಳಲ್ಲಿ ಅದೇ ಜಾಗಕ್ಕೆ ಗೆರೆ ಯಾಕೆ ಬರುತ್ತೆ? ನಾಲ್ಕೂ ಒಂದೇ ಅಚ್ಚಿನವೇ? ಗ್ರೇಡಿಂಗ್‌ಗೆ (ಅಸಲಿತನ, ಸ್ಥಿತಿ ನೋಡಿ ದರ್ಜೆ ಕೊಡಿಸಲು) ಹೊರದೇಶಕ್ಕೆ ಕಳಿಸಬಹುದೇ?

---

ಕುಲುಮೆ_ಬೇಲೂರು

ಮೊದಲು ಸಾಣೆ ಮಾತು ಬಿಡಿ. ಅದು ಬೆಳ್ಳಿಯ ಒಡಕಲ್ಲ, ಬೆಳ್ಳಿಗೆ ಏಟು ಕೊಟ್ಟ ಉಕ್ಕಿನ ಒಡಕು. ಅಚ್ಚು ಬಿರುಕು ಬಿಟ್ಟರೆ ಅದರ ಮುಖದಲ್ಲಿ ಒಂದು ಸಣ್ಣ ಸಂದು ಆಗುತ್ತೆ. ಏಟು ಬೀಳುವಾಗ ಬೆಳ್ಳಿ ಆ ಸಂದಿಗೂ ನುಗ್ಗುತ್ತೆ, ಹೊರಗೆ ಬಂದ ನಾಣ್ಯದಲ್ಲಿ ಅದೇ ಉಬ್ಬುಗೆರೆ. ಅಚ್ಚಿನಲ್ಲಿ ತಗ್ಗಾದದ್ದು ನಾಣ್ಯದಲ್ಲಿ ಉಬ್ಬು, ರಾಜನ ಮೂಗಿನ ಹಾಗೇ. ಬೆಳ್ಳಿಯೇ ಸೀಳಿದ್ದರೆ ಗೆರೆ ತಗ್ಗಾಗಿರುತ್ತಿತ್ತು. ಸಾಣೆ ಹಿಡಿದರೆ ಗೆರೆಯ ಜೊತೆ ಅಕ್ಷರವೂ ಹೋಗುತ್ತೆ, ನಾಣ್ಯ ಬರೀ ತೂಕದ ಬೆಳ್ಳಿಯಾಗುತ್ತೆ.

ಯಾಕೆ ಒಡೆಯುತ್ತೆ ಅನ್ನುವುದಕ್ಕೆ ಬರೋಣ. ರೂಪಾಯಿಯ ಅಗಲ 30.5 ಮಿ.ಮೀ. ಆಸುಪಾಸು, ಅಂದರೆ ಮುಖದ ವಿಸ್ತೀರ್ಣ 7.3 ಚದರ ಸೆಂ.ಮೀ. ಅಷ್ಟು ಜಾಗದಲ್ಲಿ ಬೆಳ್ಳಿ ಅಕ್ಷರದ ಮೂಲೆಮೂಲೆಗೂ ಹರಿಯಬೇಕಾದರೆ ಒಂದೊಂದು ಏಟಿಗೆ ನೂರು ಟನ್ನಿನ ಆಸುಪಾಸು ಒತ್ತಡ ಬೇಕು. ಉಕ್ಕು ಈ ಒತ್ತಡ ತಡೆಯುತ್ತೆ, ಅದರಲ್ಲಿ ತೊಂದರೆಯಿಲ್ಲ. ತೊಂದರೆ ಇರುವುದು ಬೆಳ್ಳಿ ಮಧ್ಯದಿಂದ ಅಂಚಿಗೆ ಹರಿಯುವಾಗ. ಆಗ ಅಚ್ಚಿನ ಮುಖವನ್ನು ಹೊರಗೆ ಎಳೆದ ಹಾಗಾಗುತ್ತೆ, ಅಂಚಿನ ಸುತ್ತ ಉಕ್ಕು ಹಿಗ್ಗಲು ನೋಡುತ್ತೆ. ಗಡಸು ಉಕ್ಕು ಒತ್ತಿದರೆ ಬಗ್ಗಲ್ಲ, ಎಳೆದರೆ ಮಾತ್ರ ಸೀಳುತ್ತೆ. ಅದಕ್ಕೇ ಹೆಚ್ಚಿನ ಬಿರುಕು ಅಂಚಿನಲ್ಲಿ ಹುಟ್ಟಿ ಒಳಗೆ ಬರುತ್ತೆ.

ಅಂಚಿನಲ್ಲೂ ಎಲ್ಲೆಂದರಲ್ಲಿ ಹುಟ್ಟಲ್ಲ. ಚೂಪು ಮೂಲೆ ಇರುವ ಕಡೆ ಎಳೆತ ಒಟ್ಟಾಗುತ್ತೆ: ಅಂಚಿನ ಹಲ್ಲುಸಾಲು, ಅಕ್ಷರದ ಕಾಲು, 'ಆರ್'ನ ಬಾಲದ ಸಂದು. ಒಂದು ಅಕ್ಷರ ಸೀಳಿದ ಮೇಲೆ ಬಿರುಕಿಗೆ ಹತ್ತಿರದ ದಾರಿ ಪಕ್ಕದ ಅಕ್ಷರವೇ, ಅಂಚೆಚೀಟಿ ತೂತಿನ ಸಾಲಿನ ಮೇಲೇ ಹರಿಯುವ ಹಾಗೆ. ನಿಮ್ಮ ಗೆರೆ ಆರ್, ಓ, ಆರ್ ಅಂತ ಅಕ್ಷರ ಹಿಡಿದು ಹೋಗಿರುವುದು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತೆ.

ಇನ್ನೊಂದು ಕಾರಣ ಹದ. ಅಚ್ಚಿನ ಉಕ್ಕಿನಲ್ಲಿ ಇಂಗಾಲ ಶೇಕಡಾ 1ರ ಹತ್ತಿರ. ಕೆಂಪಗೆ ಕಾಯಿಸಿ ನೀರು ಕುಡಿಸಿದಾಗ ಹೊರಮೈ ಮೊದಲು ಗಟ್ಟಿಯಾಗುತ್ತೆ, ಒಳಮೈ ಆಮೇಲೆ ಗಟ್ಟಿಯಾಗುತ್ತಾ ಹಿಗ್ಗುತ್ತೆ. ಹೊರಮೈ ಆಗಲೇ ಬಿಗಿದಿರುವುದರಿಂದ ಎಳೆತಕ್ಕೆ ಸಿಕ್ಕಿ ಕೂರುತ್ತೆ. ಕೂಡಲೇ ಮತ್ತೆ ಸಣ್ಣ ಶಾಖಕ್ಕೆ, ಸುಮಾರು 200ರಿಂದ 230 ಡಿಗ್ರಿಗೆ, ಒಣಹುಲ್ಲಿನ ಬಣ್ಣ ಬರುವ ತನಕ ಇಟ್ಟು ಹದ ಇಳಿಸಬೇಕು. ಇಳಿಸದಿದ್ದರೆ ಅಚ್ಚು ಗಾಜಿನ ಹಾಗೆ, ಮೊದಲ ಕೆಲವು ಸಾವಿರ ಏಟಿಗೇ ಸೀಳುತ್ತೆ. ನೀಲಿ ಬಣ್ಣಕ್ಕೆ ಹೋಗುವಷ್ಟು ಇಳಿಸಿದರೆ ಸೀಳಲ್ಲ, ಆದರೆ ಮುಖ ಕುಸಿದು ರಾಜನ ಕೆನ್ನೆ ಚಪ್ಪಟೆ. ಕತ್ತಿ ಹದ ಮಾಡುವವರಿಗೆ ಗೊತ್ತಿರುವ ವಿಷಯವೇ ಇದು, ಅಳತೆ ಮಾತ್ರ ಬೇರೆ.

ಬಿಲ್ಲೆ (ಇನ್ನೂ ಅಚ್ಚು ಬೀಳದ ಬೆಳ್ಳಿ ತುಂಡು) ಸರಿಯಾಗಿ ಕಾದು ಮೆತ್ತಗಾಗದೆ ಬಂದರೂ ಅಚ್ಚಿಗೇ ಏಟು. ಬಿಲ್ಲೆ ಬೀಳದೆ ಮೇಲಿನ ಅಚ್ಚು, ಕೆಳಗಿನ ಅಚ್ಚು ಒಂದಕ್ಕೊಂದು ಬಡಿದರಂತೂ ಕೇಳಬೇಡಿ. ಆಗ ಒಂದು ಬದಿಯ ಚಿತ್ರದ ನೆರಳು ಇನ್ನೊಂದು ಬದಿಯ ಬಯಲಲ್ಲಿ (ಚಿತ್ರ, ಅಕ್ಷರ ಇಲ್ಲದ ಖಾಲಿ ಜಾಗದಲ್ಲಿ) ತಿರುವುಮುರುವಾಗಿ ಕಾಣುತ್ತೆ. ಅಂಥ ನೆರಳಿರುವ ನಾಣ್ಯದಲ್ಲಿ ಬಿರುಕನ್ನೂ ಹುಡುಕಿ, ಎರಡೂ ಹೆಚ್ಚಾಗಿ ಜೊತೆಯಲ್ಲೇ ಸಿಗುತ್ತವೆ.

ಮತ್ತೆ, ಬಿರುಕು ಬಿಟ್ಟ ಅಚ್ಚನ್ನು ಯಾಕೆ ತೆಗೆಯಲಿಲ್ಲ ಅಂತ ಕೇಳುತ್ತಾರೆ. 1918ರಲ್ಲಿ ಕಲ್ಕತ್ತಾ, ಬಾಂಬೆ ಎರಡು ಟಂಕಸಾಲೆಗಳಲ್ಲೂ ತಲಾ 20 ಕೋಟಿಗೂ ಹೆಚ್ಚು ರೂಪಾಯಿ ಹೊಡೆದಿದ್ದಾರೆ. ಯುದ್ಧಕಾಲ, ಜನ ನೋಟು ಕೊಟ್ಟು ಬೆಳ್ಳಿ ಕೇಳುತ್ತಿದ್ದ ಕಾಲ. ಅಮೆರಿಕದವರು ಅದೇ ವರ್ಷ ಪಿಟ್‌ಮನ್ ಕಾಯಿದೆ ಮಾಡಿ ತಮ್ಮ ಡಾಲರ್ ಕರಗಿಸಿ ಇಲ್ಲಿಗೆ ಬೆಳ್ಳಿ ಕೊಟ್ಟರು. ಒಂದು ಜೋಡಿ ಅಚ್ಚು ಲಕ್ಷ ನಾಣ್ಯ ಹೊಡೆಯಿತು ಅಂತ ಲೆಕ್ಕಕ್ಕೆ ಇಟ್ಟುಕೊಂಡರೂ 20 ಕೋಟಿಗೆ 2,000 ಜೋಡಿ ಬೇಕು. ಕೂದಲೆಳೆ ಬಿರುಕಿಗೆಲ್ಲ ಅಚ್ಚು ಎಸೆಯುತ್ತಾ ಕೂರುವ ಹೊತ್ತಲ್ಲ ಅದು.

---

ಕಡೂರು_ಚಿಲ್ಲರೆ

ಬೇಲೂರಿನವರು ಯಾಕೆ ಅನ್ನುವುದನ್ನು ಹೇಳಿದ್ದಾರೆ. ಒಂದೇ ಅಚ್ಚೋ ಅಲ್ಲವೋ ಅನ್ನುವುದು ಬೇರೆ ಲೆಕ್ಕ. ಇಲ್ಲೇ ಹೆಚ್ಚಿನವರು ಎಡವುವುದು: ಜಾಗ ಒಂದೇ ಇದ್ದರೆ ಅಚ್ಚು ಒಂದೇ ಅಂತ ಆಗಲ್ಲ. ದಾರಿ ಒಂದೇ ಇರಬೇಕು.

ಅಚ್ಚಿನ ವಂಶಾವಳಿ ನೋಡಿ. ಮೊದಲು ಉಬ್ಬು ಚಿತ್ರದ ಮೂಲ ಪಂಚ್, ಅಂದರೆ ಉಕ್ಕಿನ ಮುದ್ರೆ. ಅದನ್ನು ಒತ್ತಿ ತಗ್ಗು ಚಿತ್ರದ ತಾಯಿ ಅಚ್ಚು. ತಾಯಿ ಅಚ್ಚಿನಿಂದ ಮತ್ತೆ ಉಬ್ಬಿನ ಕೆಲಸದ ಪಂಚ್‌ಗಳು, ಆ ಪಂಚ್‌ಗಳಿಂದ ನಾಣ್ಯ ಹೊಡೆಯುವ ಅಚ್ಚುಗಳು. ಒಂದು ಪಂಚ್‌ಗೆ ಎಷ್ಟೋ ಅಚ್ಚು ಹುಟ್ಟುತ್ತವೆ, ಎಲ್ಲದರಲ್ಲೂ ಅಕ್ಷರ, ಅಂತರ, ಚೂಪು ಮೂಲೆ ಅವೇ. ಹಾಗಾಗಿ ದುರ್ಬಲ ಜಾಗವೂ ಅದೇ. ಒಂದೇ ಹೊಲಿಗೆಯ ಹತ್ತು ಚೀಲ ತುಂಬಿದರೆ ಹತ್ತೂ ಅದೇ ಮೂಲೆಯಲ್ಲಿ ಬಿರಿಯುವ ಹಾಗೆ. ಆದರೆ ಬಿರುಕು ಯಾವ ಕಡೆ ಅರ್ಧ ಕೂದಲು ಬಾಗುತ್ತೆ, ಎಲ್ಲಿ ಕವಲೊಡೆಯುತ್ತೆ ಅನ್ನುವುದು ಆ ಉಕ್ಕಿನ ತುಂಡಿನ ಹಣೆಬರಹ. ಎರಡು ಅಚ್ಚಿನಲ್ಲಿ ಅದು ಒಂದೇ ಥರ ಬರಲ್ಲ.

ತಾಯಿ ಅಚ್ಚೇ ಬಿರುಕು ಬಿಟ್ಟಿದ್ದರೆ? ಆಗ ಪಂಚ್‌ನಲ್ಲಿ ಉಬ್ಬುಗೆರೆ, ಅಚ್ಚಿನಲ್ಲಿ ತಗ್ಗು, ನಾಣ್ಯದಲ್ಲಿ ಮತ್ತೆ ಉಬ್ಬು. ಆ ಪಂಚ್‌ನಿಂದ ಹುಟ್ಟಿದ ಅಚ್ಚುಗಳೆಲ್ಲದರಲ್ಲೂ ಅದೇ ದಾರಿ, ಅದೇ ಉದ್ದ, ಮೊದಲ ನಾಣ್ಯದಿಂದಲೇ. ಪಂಚ್ ಬಿರುಕು ಬಿಟ್ಟಿದ್ದರೆ ಉಲ್ಟಾ, ನಾಣ್ಯದಲ್ಲಿ ತಗ್ಗುಗೆರೆ ಬರುತ್ತೆ. ನಿಮ್ಮದು ನಾಣ್ಯದಿಂದ ನಾಣ್ಯಕ್ಕೆ ಉದ್ದ ಬದಲಾಗುತ್ತಿರುವುದರಿಂದ ತಾಯಿ ಅಚ್ಚಿನ ಮಾತು ಬೇಡ.

ಈಗ ಹೀಗೆ ಮಾಡಿ. 10 ಪಟ್ಟಿನ ಲೂಪ್ (ಸಣ್ಣ ಭೂತಗನ್ನಡಿ), ಒಂದೇ ಕಡೆಯಿಂದ ಬೀಳುವ ಬೆಳಕು, ನಾಣ್ಯದ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ. ಮೇಲಿನಿಂದ ಟಾರ್ಚ್ ಬಿಟ್ಟರೆ ಏನೂ ಕಾಣಲ್ಲ. ಫೋನನ್ನು ಪುಸ್ತಕದ ಮೇಲೋ ಡಬ್ಬಿಯ ಮೇಲೋ ಕದಲದ ಹಾಗಿಟ್ಟು, ನಾಲ್ಕೂ ನಾಣ್ಯವನ್ನು ಅದೇ ಎತ್ತರದಿಂದ, ಅದೇ ಬೆಳಕಿನಲ್ಲಿ ತೆಗೆಯಿರಿ. ಒಂದು ಚಿತ್ರವನ್ನು ಅರ್ಧ ಪಾರದರ್ಶಕ ಮಾಡಿ ಇನ್ನೊಂದರ ಮೇಲೆ ಕೂರಿಸಿ, ರಾಜನ ಮೂಗು ಮತ್ತು ಕಿರೀಟ ಹೊಂದಿಸಿ. ಗೆರೆ ಗೆರೆಯ ಮೇಲೇ ಕೂತರೆ ಒಂದೇ ಅಚ್ಚು.

ಗೆರೆ ಅಕ್ಷರದ ಹತ್ತಿರ ಏನು ಮಾಡುತ್ತೆ ಅನ್ನುವುದನ್ನು ಗಮನಿಸಿ. ನಿಜವಾದ ಬಿರುಕು ಬಯಲಿನಿಂದ ಅಕ್ಷರದ ಬೆನ್ನ ಮೇಲೂ ಹತ್ತಿ ಇಳಿಯುತ್ತೆ, ಯಾಕೆಂದರೆ ಅಚ್ಚಿನಲ್ಲಿ ಅದು ಅಕ್ಷರದ ಗುಂಡಿಯ ತಳವನ್ನೂ ಸೀಳಿರುತ್ತೆ. ಬೆನ್ನ ಮೇಲಿನದು ಸವೆದಿರಬಹುದು, ಪಕ್ಕದ ಗೋಡೆಯಲ್ಲಿ ಉಳಿದಿರುತ್ತೆ. ಅಚ್ಚಿಗೆ ಪಾಲಿಶ್ ಮಾಡಿದ ಗೀರು ಕೂಡ ನಾಣ್ಯದಲ್ಲಿ ಉಬ್ಬೇ, ಆದರೆ ನೇರ, ಒಂದರ ಪಕ್ಕ ಒಂದು ಹಲವು ಇರುತ್ತವೆ, ಅಕ್ಷರದ ಬುಡಕ್ಕೆ ಬಂದು ನಿಲ್ಲುತ್ತವೆ. ಪಾಲಿಶ್ ಕಲ್ಲು ಗುಂಡಿಯೊಳಗೆ ಇಳಿಯಲ್ಲವಲ್ಲ. ಕಾಸಿನ ಸರದಿಂದ ಬಿಡಿಸಿದ ರೂಪಾಯಿಯಾದರೆ ಬೆಸುಗೆ ಹರಿದದ್ದೂ ಗೆರೆಯ ಹಾಗೇ ಕಂಡು ಮೋಸ ಮಾಡುತ್ತೆ. ಅದರ ಬಣ್ಣ ಬೇರೆ, ಅಂಚು ದುಂಡಗೆ, ಎದುರಿನ ಅಂಚಿನ ದಪ್ಪ ಭಾಗದಲ್ಲೂ ಕಲೆ ಇರುತ್ತೆ.

ಕೊನೆಗೆ ಕ್ರಮ. ಬಿರುಕು ಬೆಳೆಯುತ್ತೆ, ಮಾಯಲ್ಲ. ನಂ. 1, ನಂ. 2 ಒಂದೇ ಅಚ್ಚಾದರೆ ನಂ. 1 ಮೊದಲು ಬಂದದ್ದು, ನಂ. 2 ಆಮೇಲೆ. 1919ರ ನಂ. 3ರಲ್ಲಿ ಗೆರೆ ಇನ್ನೂ ಸಣ್ಣ. 1918ರಲ್ಲಿ 8 ಮಿ.ಮೀ. ಆದ ಬಿರುಕು 1919ಕ್ಕೆ ಕೂದಲೆಳೆ ಆಗಲು ಸಾಧ್ಯವಿಲ್ಲ. ರಾಜನ ಬದಿಯಲ್ಲಿ ಇಸವಿ ಇಲ್ಲದ ಕಾರಣ ಆ ಬದಿಯ ಅಚ್ಚು ಒಂದು ವರ್ಷದಿಂದ ಇನ್ನೊಂದಕ್ಕೆ ದಾಟುವುದುಂಟು ನಿಜ. ಆದರೂ 1919ರಲ್ಲಿ ಕೂತು 1918ರ ಹಿಂಬದಿ ಅಚ್ಚನ್ನು ಮತ್ತೆ ಹಾಕಿದ್ದರೆ ಮಾತ್ರ ಈ ಮೂರೂ ಒಂದೇ ಸಾಲಿಗೆ ಬರುತ್ತವೆ. ಅದಕ್ಕಿಂತ ಸುಲಭದ ಉತ್ತರ, ನಂ. 3 ಅದೇ ಪಂಚ್‌ನ ಬೇರೆ ಅಚ್ಚು. ಚಿತ್ರ ಕೂರಿಸಿ ನೋಡಿದರೆ ತಿಳಿಯುತ್ತೆ.

ನಂ. 4ರ ಮೇಲೆ ನನಗೆ ಅನುಮಾನ. ಚುಕ್ಕೆ ಬಾಂಬೆಯದು, ಚುಕ್ಕೆ ಇಲ್ಲದ್ದು ಕಲ್ಕತ್ತಾದ್ದು. ಬಾಂಬೆಯಲ್ಲಿ ಏಟು ತಿಂದು 8 ಮಿ.ಮೀ. ಸೀಳಿದ ಅಚ್ಚನ್ನು ಎರಡು ವರ್ಷ ಬಿಟ್ಟು ಕಲ್ಕತ್ತಾಕ್ಕೆ ಕಳಿಸಿ, ಅಲ್ಲಿ ಒಂದು ಎಳೆಯೂ ಬೆಳೆಯದ ಹಾಗೆ ಹೊಡೆದರು ಅಂತ ಯಾರು ನಂಬುತ್ತಾರೆ?

---

ಅರಸೀಕೆರೆ_ತೊಲ

ಕಡೂರಿನವರಿಗೆ ವಂದನೆ. ಚಿತ್ರ ಕೂರಿಸಿ ನೋಡಿದೆ. 1 ಮತ್ತು 2 ಪಕ್ಕಾ ಒಂದೇ, 'ಓ' ಹತ್ತಿರದ ಸಣ್ಣ ಕೊಕ್ಕೆ ಕೂಡ ಹೊಂದುತ್ತೆ. 3ರ ಗೆರೆ 'ಆರ್'ನ ಬಾಲದಿಂದ ಹೊರಟಿದೆ, 1ರದ್ದು ಬೆನ್ನಿನಿಂದ. ಬೇರೆ ಅಚ್ಚು. 4ರದ್ದು 2ರ ಮೇಲೆ ಕೂದಲೂ ಆಚೀಚೆ ಆಗದ ಹಾಗೆ ಕೂರುತ್ತೆ. ಅಷ್ಟೇ ಅಲ್ಲ, ರಾಜನ ಗಡ್ಡದ ಕೆಳಗೆ 2ರಲ್ಲಿರುವ ಒಂದು ಸಣ್ಣ ತಗ್ಗು 4ರಲ್ಲೂ ಇದೆ!

---

ಮಲೆನಾಡ_ಟಂಕ

ಆ ತಗ್ಗೇ ಎಲ್ಲ ಹೇಳಿತು. ಬಿರುಕು ಅಚ್ಚಿನದು, ಎರಡು ಅಸಲಿ ನಾಣ್ಯದಲ್ಲಿ ಹೊಂದಬಹುದು. ಕೆಳಗೆ ಬಿದ್ದೋ, ಬೇರೆ ನಾಣ್ಯ ಬಡಿದೋ ಆದ ತಗ್ಗು ಆ ಒಂದು ನಾಣ್ಯದ ಸ್ವಂತದ್ದು. ಅದು ಎರಡು ನಾಣ್ಯದಲ್ಲಿ ಅದೇ ಜಾಗಕ್ಕೆ ಬಂದಿದೆ ಅಂದರೆ ಒಂದನ್ನು ಮಾದರಿ ಇಟ್ಟು ಇನ್ನೊಂದನ್ನು ಮಾಡಿದ್ದಾರೆ, ಅಥವಾ ಮೂರನೆಯದೊಂದರಿಂದ ಎರಡನ್ನೂ ಮಾಡಿದ್ದಾರೆ. ಹಾಗಾಗಿ ನಂ. 2ನ್ನೂ ಈಗಲೇ ಅಸಲಿ ಅನ್ನಬೇಡಿ. ರಾಜನ ಬದಿ ಒಂದು ನಾಣ್ಯದಿಂದ, ಇಸವಿ ಬದಿ ಇನ್ನೊಂದರಿಂದ ಎತ್ತುವುದು ನಕಲಿಯವರ ಹಳೇ ಚಾಳಿ.

ನೀರಿನ ಪರೀಕ್ಷೆ ಮಾಡಿ, ನಾಣ್ಯಕ್ಕೆ ಏನೂ ಆಗಲ್ಲ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಗ್ಲಾಸಿಗೆ ಮುಕ್ಕಾಲು ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ತೊಟ್ಟು, ಗುಳ್ಳೆ ಅಂಟದಿರಲಿ ಅಂತ. ಗ್ಲಾಸನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ ನೀರಿನೊಳಗೆ ಪೂರ್ತಿ ಮುಳುಗುವ ಹಾಗೆ, ತಳ ಮತ್ತು ಗೋಡೆ ಮುಟ್ಟದ ಹಾಗೆ ಹಿಡಿಯಿರಿ. ತಳ ಮುಟ್ಟಿದರೆ ನಾಣ್ಯದ ತೂಕವೇ ಬಂದು ಲೆಕ್ಕ ಕೆಡುತ್ತೆ. ತಕ್ಕಡಿಯಲ್ಲಿ ಬರುವ ಅಂಕಿ ನಾಣ್ಯ ತಳ್ಳಿದ ನೀರಿನ ತೂಕ. ನಾಣ್ಯದ ಒಣ ತೂಕವನ್ನು ಅದರಿಂದ ಭಾಗಿಸಿ.

ಐದನೇ ಜಾರ್ಜ್ ರೂಪಾಯಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ತಾಮ್ರ, ತೂಕ ಸರಿಯಾಗಿ ಒಂದು ತೊಲ, 11.66 ಗ್ರಾಂ. ಭಾಗಿಸಿದರೆ 10.3 ಆಸುಪಾಸು ಬರಬೇಕು. ತಕ್ಕಡಿಯ ಕೊನೆ ಅಂಕಿ ಒಂದು ಆಚೀಚೆ ಆದರೆ ಉತ್ತರ 0.1 ಆಚೀಚೆ ಆಗುತ್ತೆ, ಆದ್ದರಿಂದ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. 9ಕ್ಕಿಂತ ಕೆಳಗೆ ಬಂದರೆ ತಾಮ್ರದ ಬಳಗಕ್ಕೆ ಬೆಳ್ಳಿ ನೀರು ಕುಡಿಸಿದ್ದು. ಇದೇ ಪರೀಕ್ಷೆಯನ್ನು ಆರನೇ ಜಾರ್ಜ್‌ನ 1940ರಿಂದ 1945ರ ತನಕದ ರೂಪಾಯಿಗೆ ಮಾಡಿ 9.5 ಬಂತು ಅಂತ ಗಾಬರಿಯಾಗಬೇಡಿ. ಅದರಲ್ಲಿ ಬೆಳ್ಳಿ ಅರ್ಧವೇ, 40 ಪಾಲು ತಾಮ್ರ, 5 ನಿಕಲ್, 5 ಸತು. ಆ ಮಿಶ್ರಣ ಗಡಸು, ಅಚ್ಚಿಗೆ ಅದರ ಏಟೂ ಗಡಸು.

ಲೂಪ್‌ನಲ್ಲಿ ನಂ. 4ರ ಗೆರೆಯ ಅಂಚು ನೋಡಿ. ಉಕ್ಕಿನ ಸೀಳಿಗೆ ನುಗ್ಗಿದ ಬೆಳ್ಳಿಯ ಗೆರೆ ಕಡಿದಾಗಿ, ಏರುಪೇರಾಗಿ ನಿಂತಿರುತ್ತೆ. ಎರಕದ ನಕಲಿಯಲ್ಲಿ ಅದೇ ಗೆರೆ ಸಾಬೂನು ಸವೆದ ಹಾಗೆ ದುಂಡಗೆ, ಬಯಲಲ್ಲಿ ಸೂಜಿಮೊನೆ ತೂತು, ಅಂಚಿನ ದಪ್ಪದಲ್ಲಿ ಸುತ್ತಲೂ ಉಜ್ಜಿದ ಜೋಡಣೆ ಗೆರೆ.

ಹೊರದೇಶದ ಗ್ರೇಡಿಂಗ್ ಬಗ್ಗೆ: ಬೇಡವೇ ಬೇಡ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತು, ಖಾಸಗಿಯವರು ಹೊರಗೆ ಕಳಿಸುವ ಹಾಗಿಲ್ಲ. 1918, 1919ರ ರೂಪಾಯಿ ಈಗ ಆ ಲೆಕ್ಕಕ್ಕೆ ಬಂದಾಯಿತು. ಕೊರಿಯರ್ ಚೀಟಿಯಲ್ಲಿ ಏನು ಬರೆದರೂ ಅಪರಾಧ ಅಪರಾಧವೇ.

---

ಹಾಲು_ಬಿಳುಪು

ಸಣ್ಣ ಪ್ರಶ್ನೆ, ಇದೇ ಎಳೆಯಲ್ಲಿ ಕೇಳಬಹುದಾ? ಇಂಥ ಬಿರುಕು ಇದ್ದರೆ ಬೆಲೆ ಜಾಸ್ತಿ ಅಂತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ರೂಪಾಯಿಯಲ್ಲೂ ಹೀಗೇ ನೋಡಬಹುದಾ?

---

ಕಡೂರು_ಚಿಲ್ಲರೆ

ಕೂದಲೆಳೆ ಬಿರುಕಿಗೆ ಯಾರೂ ಹೆಚ್ಚು ಕೊಡಲ್ಲ, ಸಂತೆಯಲ್ಲಿ 'ಎರರ್ ಕಾಯಿನ್' ಅಂತ ಕೂಗಿದರೆ ನಕ್ಕು ಮುಂದೆ ಹೋಗಿ. ಹುಡುಕುವವರು ಹುಡುಕುವುದು ಬಿರುಕಿನ ಕೊನೆಯ ಹಂತ. ಬಿರುಕು ಅಂಚಿನಿಂದ ಹೊರಟು ಬಾಗಿ ಮತ್ತೆ ಅಂಚು ಸೇರಿ, ನಡುವಿನ ಉಕ್ಕಿನ ಚೂರು ಕಳಚಿ ಬಿದ್ದಾಗ ಅಲ್ಲಿಗೆ ಬೆಳ್ಳಿ ತುಂಬಿ ಅಕ್ಷರವಿಲ್ಲದ ಗಡ್ಡೆಯಾಗುತ್ತೆ. ನಾಣ್ಯದವರ ಬಾಯಲ್ಲಿ 'ಕಡ್'. ಅಸಲಿ ಕಡ್ ಆದರೆ ಅದರ ನೇರ ಹಿಂದೆ, ಇನ್ನೊಂದು ಬದಿಯಲ್ಲಿ, ಚಿತ್ರ ಮಂಕಾಗಿರಬೇಕು. ಬೆಳ್ಳಿ ಈ ಕಡೆ ಗುಂಡಿಗೆ ಹರಿದ ಮೇಲೆ ಆ ಕಡೆಗೆ ಒತ್ತಡ ಎಲ್ಲಿಂದ ಬರಬೇಕು? ಗಡ್ಡೆ ಇದ್ದು ಹಿಂಬದಿ ಚೊಕ್ಕವಾಗಿದ್ದರೆ ಯಾರೋ ಬೆಸುಗೆ ಇಟ್ಟಿದ್ದಾರೆ.

ಒಡೆಯರ ರೂಪಾಯಿಗೆ ಈ ಅಳತೆ ಹಾಗೇ ನಡೆಯಲ್ಲ. ಮೈಸೂರು ಸಂಸ್ಥಾನದ ಟಂಕಸಾಲೆ 1843ರಲ್ಲಿ ಮುಚ್ಚುವ ತನಕ ಅಲ್ಲಿ ಹೊಡೆದದ್ದು ಕೈಏಟಿನ ನಾಣ್ಯ, ಶಾಹ್ ಆಲಂ ಹೆಸರಿನ ಪಾರ್ಸಿ ಬರಹದ್ದು. ಅಚ್ಚು ಬಿಲ್ಲೆಗಿಂತ ದೊಡ್ಡದು, ಹಾಗಾಗಿ ಒಂದು ನಾಣ್ಯದಲ್ಲಿ ಅಚ್ಚಿನ ಒಂದು ಭಾಗ ಮಾತ್ರ ಬೀಳುತ್ತೆ, ಏಟಿನಿಂದ ಏಟಿಗೆ ಭಾಗವೂ ಬೇರೆ. ಬಿರುಕು ಒಂದು ನಾಣ್ಯದಲ್ಲಿ ಬಲಗಡೆ, ಇನ್ನೊಂದರಲ್ಲಿ ಮಧ್ಯದಲ್ಲಿ ಕಂಡರೂ ಅಚ್ಚು ಒಂದೇ ಇರಬಹುದು. ಅಲ್ಲಿ ಅಂಚಿನಿಂದ ಅಳೆಯಬೇಡಿ, ಅಕ್ಷರದಿಂದ ಅಳೆಯಿರಿ. ಐದಾರು ನಾಣ್ಯದ ಚಿತ್ರ ಜೋಡಿಸಿದರೆ ಪೂರ್ತಿ ಅಚ್ಚು ಕಣ್ಣಿಗೆ ಬರುತ್ತೆ. ಮೇಲಿನ ಅಚ್ಚಿಗೆ ಸುತ್ತಿಗೆ ಏಟು ನೇರ, ಕೆಳಗಿನದು ನೆಲದಲ್ಲಿ ಹೂತು ಕೂತಿರುತ್ತೆ. ಹಾಗಾಗಿ ಸೀಳುವುದು ಹೆಚ್ಚಾಗಿ ಮೇಲಿನದೇ. ಒಂದು ಕೆಳಗಿನ ಅಚ್ಚಿಗೆ ಎರಡು ಮೂರು ಮೇಲಿನ ಅಚ್ಚು ಜೋಡಿಯಾಗಿ ಸಿಕ್ಕಿದರೆ ಆಶ್ಚರ್ಯಪಡಬೇಡಿ.

---

ಅರಸೀಕೆರೆ_ತೊಲ

ನೀರಿನ ಪರೀಕ್ಷೆ ಆಯಿತು, ಮೂರು ಮೂರು ಸಲ. ನಂ. 1: ನೀರು 1.12, ಭಾಗಿಸಿದರೆ 10.34. ನಂ. 2: 1.12, 10.29. ನಂ. 3: 1.12, 10.36. ನಂ. 4: 1.24, ಬಂದದ್ದು 8.81. ಲೂಪ್‌ನಲ್ಲಿ ಅದರ ಅಂಚಿನಲ್ಲಿ ಉಜ್ಜಿದ ಗೆರೆಯೂ ಸಿಕ್ಕಿತು. ನಂ. 2ರಲ್ಲಿ ತಗ್ಗಿನ ಅಂಚು ಚೂಪಾಗಿದೆ, ತಳ ಹೊಳೆಯುತ್ತೆ. 4ರಲ್ಲಿ ಅದೇ ತಗ್ಗು ಬಟ್ಟಲಿನ ಹಾಗೆ ನುಣ್ಣಗೆ. ಹಾಗಾದರೆ 2 ಅಸಲಿ ಅನ್ನಬಹುದೇ? ತೊಳೆದು ಇಡಲೇ? ಎಲ್ಲವೂ ಕಪ್ಪಾಗಿವೆ.

---

ಮಲೆನಾಡ_ಟಂಕ

ಅನ್ನಬಹುದು. ಬೆಳ್ಳಿ ಸರಿ ಇದ್ದರೂ ನಕಲಿ ಇರಬಹುದು, ಆದರೆ ಇಲ್ಲಿ ಸಾಕ್ಷಿ ಇನ್ನೂ ಎರಡಿವೆ. ತಗ್ಗು 2ರಲ್ಲಿ ಚೂಪು, ಅಂದರೆ ಏಟು ಬಿದ್ದದ್ದು ಇದಕ್ಕೇ. ಜೊತೆಗೆ 1ರಲ್ಲಿ ಬಿರುಕಿನ ಮೊದಲ ಹಂತ, 2ರಲ್ಲಿ ಮುಂದಿನ ಹಂತ. ಮಾದರಿ ಎತ್ತುವವನಿಗೆ ಬಿರುಕಿನ ನಕಲು ಸಿಗುತ್ತೆ, ಅದರ ಬೆಳವಣಿಗೆ ಸಿಗಲ್ಲ. ನಂ. 4ನ್ನು ಕರಗಿಸಬೇಡಿ, ಮಾರಲೂಬೇಡಿ. 'ನಕಲಿ, 8.81' ಅಂತ ಚೀಟಿ ಬರೆದು 2ರ ಪಕ್ಕ ಇಡಿ, ಇದೇ ಮಾದರಿಯದು ಇನ್ನೊಂದು ಇಸವಿಯಲ್ಲಿ ಬಂದೇ ಬರುತ್ತೆ.

ತೊಳೆಯುವುದು: ಹುಣಸೆಹಣ್ಣು, ಅಂಟುವಾಳ, ಟೂತ್‌ಪೇಸ್ಟ್, ವಿಭೂತಿ ಯಾವುದೂ ಬೇಡ. ಕಪ್ಪು ಇರಲಿ, ಅದು ಬೆಳ್ಳಿಯದೇ ಪದರ. ಜಿಡ್ಡು ಇದ್ದರೆ ಮಾತ್ರ ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್, ಎರಡು ಮೂರು ನಿಮಿಷ, ಕಿಟಕಿ ತೆಗೆದು, ಒಲೆಯಿಂದ ದೂರ. ಒರೆಸದೆ ಹಾಗೇ ಆರಲು ಬಿಡಿ. ಮೆತ್ತನೆಯ ಪಿವಿಸಿ ಕವರಿನಲ್ಲಿ ಹಾಕಬೇಡಿ, ಹಸಿರು ಅಂಟು ಬಿಡುತ್ತೆ. ರಟ್ಟಿನ ಹೋಲ್ಡರ್ ಸಾಕು. ಅರಸೀಕೆರೆಯಲ್ಲಿ ಪರವಾಗಿಲ್ಲ, ಮೂಡಿಗೆರೆ, ಸಕಲೇಶಪುರದ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್ ತನಕ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ತಿಂಗಳಿಗೊಮ್ಮೆ ಬದಲಿಸಿ. ಹೋಲ್ಡರ್ ಹಾಕುವಾಗ ಪಿನ್ನಿನ ಮೊನೆ ಪೂರ್ತಿ ಮಡಚಿರಲಿ, ಪಕ್ಕದ ನಾಣ್ಯದ ಬಯಲಲ್ಲಿ ಅದೇ ಹೊಸ ಗೆರೆ ಎಳೆಯುತ್ತೆ.